ವಿಮಾನಚಿತ್ರಗಳೂ ಯುದ್ಧಕಥನವೂ

ಕುರುಕ್ಷೇತ್ರದ ವೃತ್ತಾಂತವನ್ನು ಕುರುಡನಾದ ಅರಸನಿಗೆ ಅರುಹುವುದಕ್ಕೆಂದು ವ್ಯಾಸಮಹರ್ಷಿಗಳು ಸಂಜಯನಿಗೆ ದಿವ್ಯದೃಷ್ಟಿಯನ್ನು ಅನುಗ್ರಹಿಸಿದರಷ್ಟೆ. ಆ ದೃಷ್ಟಿಗೆ ದೂರದ ರಣರಂಗವು ಗೋಚರಿಸುತ್ತಿದ್ದುದಲ್ಲದೆ, ಯೋಧರು ಮನಸ್ಸಿನಲ್ಲಿ ಎಣಿಸಿಕೊಂಡುದೂ ತಿಳಿಯುತ್ತಿದ್ದಿತು. ನಮ್ಮ ಕಾಲದ ಇತಿಹಾಸಕಾರರಿಗೂ ಒಂದು ಬಗೆಯ ದಿವ್ಯದೃಷ್ಟಿ ಲಭಿಸಿದೆ. ಎರಡು ಮಹಾಯುದ್ಧಗಳಲ್ಲಿ ಶತ್ರುವಿನ ನೆಲೆಗಳನ್ನು ಅರಿಯಲೆಂದು ವಿಮಾನಗಳಿಂದ ತೆಗೆದ ಛಾಯಾಚಿತ್ರಗಳು ಲಕ್ಷಗಟ್ಟಲೆ ಉಳಿದುಬಂದಿವೆ. ಅವನ್ನೇ ಆಧಾರವಾಗಿಟ್ಟು ಪ್ರಸಿದ್ಧವಾದ ಕಾಳಗಗಳನ್ನು ಮತ್ತೆ ನಿರೂಪಿಸುವವರಿದ್ದಾರೆ. ಇದು ಸತ್ತವರಿಗೆ ಸಲ್ಲಿಸುವ ನ್ಯಾಯವೋ, ಅಥವಾ ಅವರನ್ನು ಎರಡನೆಯ ಸಲ ದೂರದಿಂದ ನೋಡಿ ಸುಮ್ಮನಾಗುವುದೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಒಂದು ನಿದರ್ಶನವನ್ನು ನೋಡೋಣ. 1915ನೆಯ ಇಸವಿ ಮಾರ್ಚ್ 10ರಂದು ಫ್ರಾನ್ಸಿನ ನವ್ ಶಾಪೆಲ್ ಎಂಬ ಹಳ್ಳಿಯ ಬಳಿ ಬ್ರಿಟಿಷ್ ಸೈನ್ಯವು ಜರ್ಮನರ ಮೇಲೆ ಏರಿಹೋಯಿತು. ಭಾರತದಿಂದ ಹೋದ ದಂಡೂ ಅದರಲ್ಲಿ ಸೇರಿದ್ದಿತು. ಅದಕ್ಕೆ ಮೊದಲೇ ವಿಮಾನದವರು ಶತ್ರುವಿನ ಕಂದಕಗಳ ಚಿತ್ರಗಳನ್ನು ತೆಗೆದಿದ್ದರು. ಅವುಗಳಿಂದ ನಕ್ಷೆಗಳು ಸಿದ್ಧವಾಗಿದ್ದವು. 35 ನಿಮಿಷಗಳ ಕಾಲ ಫಿರಂಗಿಗಳು ಬೆಂಕಿಯ ಮಳೆಗರೆದ ಮೇಲೆ ಕಾಲಾಳುಗಳು ನುಗ್ಗಿದರು. ಹಳ್ಳಿಯು ಆ ಬೆಳಿಗ್ಗೆಯೇ ಕೈವಶವಾಯಿತು. ನಕ್ಷೆಯು ಸುಳ್ಳು ಹೇಳಿರಲಿಲ್ಲ. ಆದರೂ 39ನೆಯ ಗಢವಾಲ್ ರೈಫಲ್ಸಿನ ಒಂದನೆಯ ಪಟಾಲಮು ದಿಕ್ಕುತಪ್ಪಿ ಬಲಕ್ಕೆ ಸರಿದು, ಫಿರಂಗಿಯ ಗುಂಡು ಬೀಳದೆ, ಮುಳ್ಳುತಂತಿ ಕಡಿಯದೆ ಉಳಿದಿದ್ದ ಕಂದಕಕ್ಕೆ ಎದುರಾಗಿ ಹೋಗಿ ಬಿದ್ದಿತು. ಅಲ್ಲಿ ಆದ ಪ್ರಾಣಹಾನಿ ಘೋರವಾದುದು. ಮೂರು ದಿನಗಳ ಕೊನೆಗೆ ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 11,000ಕ್ಕೆ ಮೇಲ್ಪಟ್ಟಿದ್ದರು.

ಇಂದು ಆ ಚಿತ್ರವನ್ನು ಮೇಜಿನ ಮೇಲೆ ಹರಡಿಕೊಂಡವನು, “ಇಗೋ, ಇಲ್ಲಿ ದಾರಿ ತಪ್ಪಿದರು” ಎಂದು ಬೆರಳಿಟ್ಟು ತೋರಿಸಬಲ್ಲನು. ಹೊಗೆ, ಕೆಸರು, ಕಿವಿಗಡಚಿಕ್ಕುವ ಸದ್ದು, ಮುಂದೆ ನಡೆಯುತ್ತಿದ್ದ ನಾಯಕನು ಉರುಳಿದುದು, ಇವಾವುವೂ ಆ ಕಾಗದದಲ್ಲಿಲ್ಲ. ಮೇಲಿನಿಂದ ನೋಡುವವನಿಗೆ ತಪ್ಪು ಬೇಗನೆ ಕಾಣುತ್ತದೆ. ತಪ್ಪದೆ ನಡೆಯುವುದು ಆ ಗಳಿಗೆಯಲ್ಲಿ ಸಾಧ್ಯವಿತ್ತೇ ಎಂಬುದು ಕಾಣುವುದಿಲ್ಲ. ಇದನ್ನು ನಾನು ಅಜ್ಞಾನವೆಂದು ಕರೆಯಲಾರೆ, ಅಹಂಕಾರವೆಂದೇ ಕರೆಯಬೇಕಾಗಿದೆ.

ಆದುದರಿಂದ ಆ ಚಿತ್ರಗಳನ್ನು ಸುಟ್ಟುಬಿಡಬೇಕೆಂದಲ್ಲ. ಬೆಲ್ಜಿಯಮ್ಮಿನ ಪಾಶೆಂಡೇಲ್ ಗ್ರಾಮದ ಎರಡು ಚಿತ್ರಗಳಿವೆ, 1917ರ ಕಾಳಗಕ್ಕೆ ಮೊದಲಿನದೊಂದು, ಅನಂತರದ್ದೊಂದು. ಮೊದಲನೆಯದರಲ್ಲಿ ರಸ್ತೆಗಳು, ಮನೆಗಳು, ಹೊಲಗಳ ಎಲ್ಲೆಗಳು. ಎರಡನೆಯದರಲ್ಲಿ ಸಿಡಿಬಿನ ಕಲೆಗಳಂತೆ ಒತ್ತೊತ್ತಾಗಿ ಗುಂಡಿನ ಕುಳಿಗಳು. ಊರಿದ್ದುದಕ್ಕೆ ಗುರುತೇ ಅಪೂರ್ವ. ಸೇನಾಪತಿಗಳ ವಿಜಯವಾರ್ತೆಗಳಿಗೆ ಇದಕ್ಕಿಂತ ಕಠಿನವಾದ ಪ್ರತ್ಯುತ್ತರವನ್ನು ನಾನು ಕಂಡಿಲ್ಲ. ಮುಖವಿಲ್ಲದ ಚಿತ್ರವೂ ಒಮ್ಮೊಮ್ಮೆ ಸತ್ಯಕ್ಕೆ ಬಾಯಾಗುತ್ತದೆ.

ಆದರೆ ಆ ಸಾಕ್ಷಿಯು ತಟಸ್ಥನಾದ ಸಾಕ್ಷಿಯಲ್ಲ. ಫಿರಂಗಿಗೆ ಗುರಿ ತೋರಿಸುವುದಕ್ಕಾಗಿಯೇ ಅದು ಹುಟ್ಟಿತು. ಕೊಂದವನ ಕಣ್ಣಿನಿಂದಲೇ ನಾವು ನೋಡುತ್ತಿದ್ದೇವೆ. ಆ ಕಣ್ಣು ತಾನು ಹುಡುಕಿದುದನ್ನಲ್ಲದೆ ಮತ್ತೊಂದನ್ನು ಕಾಣದು. 1944ರ ಆಗಸ್ಟ್ 25ರಂದು ಮಿತ್ರಪಕ್ಷದ ವಿಮಾನವೊಂದು ಪೋಲೆಂಡಿನ ಆಶ್ವಿಟ್ಸಿನ ಮೇಲೆ ಹಾರಿತು. ಅದಕ್ಕೆ ಬೇಕಾಗಿದ್ದುದು ಸಮೀಪದ ಐ. ಜಿ. ಫಾರ್ಬೆನ್ ಕಾರ್ಖಾನೆ. ಕ್ಯಾಮರಾದಲ್ಲಿ ಬಿರ್ಕೆನೌ ಶಿಬಿರವೂ, ಅಲ್ಲಿ ಸಾಲಾಗಿ ನಡೆಯುತ್ತಿದ್ದ ಜನರೂ ಮೂಡಿದರು. ಚಿತ್ರವನ್ನು ಪರೀಕ್ಷಿಸಿದವರು ಕಾರ್ಖಾನೆಯನ್ನು ನೋಡಿದರು. ಆ ಸಾಲನ್ನು ಇದು ಇಂಥದೆಂದು ಗುರುತಿಸಿ ಲೋಕಕ್ಕೆ ತಿಳಿಸಿದುದು 1979ರಲ್ಲಿ. ಇದು ಕಾಳಗದ ಮಾತಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ನೋಡುವುದರ ಹೊಣೆಯೇನೆಂಬುದು ಮಾತ್ರ ಇಲ್ಲಿಯಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ನನಗೆ ತೋರಿಲ್ಲ. ಕಣ್ಣೆದುರಿಗೆ ಮನುಷ್ಯರಿದ್ದರು, ಅವರನ್ನು ಕುರಿತ ಪ್ರಶ್ನೆಯು ಯಾರಲ್ಲಿಯೂ ಇರಲಿಲ್ಲ. ಇಂದು ಇತಿಹಾಸವನ್ನು ಬರೆಯುವವನು ಕಂದಕವನ್ನೂ ಸೇತುವೆಯನ್ನೂ ಮಾತ್ರ ಹುಡುಕುವುದಾದರೆ, ಅವನಿಗೂ ಅಂದಿನ ಪರೀಕ್ಷಕನಿಗೂ ಏನು ಭೇದ? ಅಂದಿನವನಿಗಾದರೂ ಯುದ್ಧದ ಅವಸರವಿದ್ದಿತು.

ನವ್ ಶಾಪೆಲ್ಲಿನಲ್ಲಿ 1927ರಲ್ಲಿ ತೆರೆದ ಒಂದು ಸ್ಮಾರಕವಿದೆ. ಆ ಯುದ್ಧದಲ್ಲಿ ಪಶ್ಚಿಮ ರಂಗದಲ್ಲಿ ಮಡಿದು ಸಮಾಧಿಯ ಗುರುತೂ ಇಲ್ಲದೆ ಹೋದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳು ಅಲ್ಲಿವೆ. ವಿಮಾನದಿಂದ ನೋಡಿದರೆ ಅದು ಹೊಲಗಳ ನಡುವೆ ಒಂದು ದುಂಡನೆಯ ಆವರಣ. ಹೆಸರುಗಳನ್ನು ಓದಬೇಕೆಂಬವನು ಕೆಳಕ್ಕಿಳಿದು, ಗೋಡೆಯ ಮುಂದೆ ನಿಂತು, ಒಂದೊಂದಾಗಿ ಓದಬೇಕು.