ಮಾಡದ ತಪ್ಪಿನ ತೂಕ

ಒಬ್ಬಾತ ಗಾಜಿನ ಲೋಟದಲ್ಲಿ ನೀರು ಕುಡಿದು, ಲೋಟ ಒಡೆದು, ಚೂರುಗಳನ್ನು ಪಾದರಕ್ಷೆಯೊಳಗೆ ಸುರಿದುಕೊಂಡು, ಅದಕ್ಕೇ ಕಾಲು ತೂರಿಸಿ ನಡೆದುಬಿಡುತ್ತಾನೆ. ಹೆಜ್ಜೆಗೊಮ್ಮೆ ಕರಕರ ಸದ್ದು. ದೀಪಾಂಜಲಿ ನಗರದ ಮೆಟ್ರೊ ಕಂಬಗಳಿಗೆ ಹತ್ತಿರದ ಮನೆಯೊಂದರಲ್ಲಿ ಮೊಮ್ಮಗ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತಿ, ‘ಏನೋ ಹರಕೆ ಇರ್ಬೇಕು ಬಿಡೋ’ ಎಂದರು. ಕೊಂಡ ಹಾಯುವವರನ್ನು ಕಂಡ ಕಣ್ಣಿಗೆ ಗಾಜಿನ ಚೂರು ಯಾವ ಲೆಕ್ಕ!

ಅದು ‘ಮೂನ್ ನೈಟ್’. ಮಾರ್ವೆಲ್ ಕಾಮಿಕ್ಸ್‌ನಲ್ಲಿ 1975ರಲ್ಲಿ ಹುಟ್ಟಿದ ಪಾತ್ರ. 6 ಕಂತುಗಳ ಸರಣಿಯಾಗಿ ಶುರುವಾದದ್ದು 2022ರ ಮಾರ್ಚ್ 30ರಂದು. ಸೂಪರ್‌ಹೀರೊ ಎಂದರೆ ಜೇಡ ಕಚ್ಚಿರಬೇಕು, ಇಲ್ಲವೇ ಬೇರೆ ಗ್ರಹದಿಂದ ಬಂದು ಬಿದ್ದಿರಬೇಕು. ಇಲ್ಲಿ ಈಜಿಪ್ಟಿನ ಚಂದ್ರದೇವರು ಖೋನ್ಶು ಮೈಮೇಲೆ ಬರುತ್ತಾನೆ. ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ‘ಕಾಂತಾರ’ಕ್ಕೆ ಮುಗಿಬಿದ್ದ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಂಡನ್ನಿನ ಮ್ಯೂಸಿಯಂ ಅಂಗಡಿಯ ಬಡಪಾಯಿ ಸ್ಟೀವನ್‌ಗೆ ಮಾತ್ರ ಹೇಳಿಕೊಡುವವರಿಲ್ಲ. ದೇವರು ಬಂತೋ, ತಲೆ ಕೆಟ್ಟಿತೋ ತಿಳಿಯದೆ ಹಾಸಿಗೆಯ ಸುತ್ತ ಮರಳು ಹರಡಿ, ಕಾಲನ್ನು ಮಂಚಕ್ಕೆ ಕಟ್ಟಿಕೊಂಡು ಮಲಗುತ್ತಾನೆ.

ಆದರೂ ಮೊದಲ ಕಂತಿನಲ್ಲಿ ಕಾಡುವವನು ಆ ಗಾಜಿನ ಮನುಷ್ಯನೇ. ಹೆಸರು ಆರ್ಥರ್ ಹ್ಯಾರೋ, ನಟ ಈಥನ್ ಹಾಕ್. ಅವನ ಮುಂಗೈ ಮೇಲೆ ತಕ್ಕಡಿಯ ಹಚ್ಚೆ. ಆಲ್ಪ್ಸ್‌ನ ಹಳ್ಳಿಯೊಂದರಲ್ಲಿ ಭಕ್ತರು ಸಾಲುಗಟ್ಟಿ ಬಂದು ಕೈ ಒಡ್ಡುತ್ತಾರೆ, ಹಚ್ಚೆ ತೂಗಾಡುತ್ತದೆ. ಹಸಿರಾದರೆ ಬದುಕು, ಕೆಂಪಾದರೆ ಸಾವು. ಬದುಕಿಡೀ ಒಳ್ಳೆಯವಳಾಗಿದ್ದೆ ಎನ್ನುವ ಮುದುಕಿಯೊಬ್ಬಳಿಗೆ ಕೆಂಪು ಬೀಳುತ್ತದೆ. ನಿನ್ನ ಮಾತು ನಂಬುತ್ತೇನೆ, ತಪ್ಪು ಮುಂದೆ ನಡೆಯಲಿಕ್ಕಿರಬಹುದು ಎನ್ನುತ್ತಾನೆ ಹ್ಯಾರೋ. ಆಕೆ ಅಲ್ಲೇ ಕುಸಿಯುತ್ತಾಳೆ.

ಅಜ್ಜಿಯ ಕೈ ನಿಂತಿತು. ‘ಪಾಪ, ಅವಳೇನ್ ಮಾಡಿದ್ಳೋ?’

‘ಏನೂ ಮಾಡಿಲ್ಲ ಅಜ್ಜಿ. ಮುಂದೆ ಮಾಡ್ತಾಳಂತೆ.’

ಹಳೆಯ ಈಜಿಪ್ಟಿನ ನಂಬಿಕೆಯಲ್ಲಿ ತೂಕ ನಡೆಯುತ್ತಿದ್ದುದು ಸತ್ತ ಮೇಲೆ. ಹೃದಯ ಒಂದು ತಟ್ಟೆಯಲ್ಲಿ, ಮಾತ್ ದೇವತೆಯ ಗರಿ ಇನ್ನೊಂದರಲ್ಲಿ; ಹೃದಯ ಭಾರವಾದರೆ ಮೊಸಳೆ ತಲೆಯ, ಸಿಂಹದ ಮುಂಗಾಲಿನ, ನೀರಾನೆಯ ಹಿಂಭಾಗದ ಅಮ್ಮಿತ್ ಅದನ್ನು ನುಂಗುತ್ತಿದ್ದಳು. ನಮ್ಮ ಚಿತ್ರಗುಪ್ತನ ಕಡತದಂತೆ, ಕೆಲಸ ಮುಗಿದ ಮೇಲೆ ಕೂಲಿ. ಸರಣಿಯಲ್ಲಿ ಹ್ಯಾರೋ ತೂಗುವುದು ಅವಳ ಹೆಸರಿನಲ್ಲೇ; ಆದರೆ ಈ ಅಮ್ಮಿತ್‌ಗೆ ಕಾಯುವ ತಾಳ್ಮೆಯಿಲ್ಲ. ಅವಳನ್ನು ಬಂಧಿಸಿಡದಿದ್ದರೆ ಹಿಟ್ಲರ್, ಪೋಲ್ ಪಾಟ್ ತಲೆಯೆತ್ತುತ್ತಲೇ ಇರಲಿಲ್ಲ ಎಂಬುದು ಹ್ಯಾರೋನ ವಾದ. ಸಲೀಸಾಗಿ ತಳ್ಳಿಹಾಕುವ ವಾದವಲ್ಲ ಅದು.

ಮಾಡದ ತಪ್ಪಿಗೆ ಶಿಕ್ಷೆ ಕೊಡಬಹುದೇ ಎಂಬ ಪ್ರಶ್ನೆಯ ಅಂಚಿನವರೆಗೆ ಕನ್ನಡವೂ ಹೋಗಿ ಬಂದಿದೆ. 1209ರ ‘ಯಶೋಧರ ಚರಿತೆ’ಯಲ್ಲಿ ಜನ್ನನ ರಾಜ ಬಲಿ ಕೊಡುವುದು ಹಿಟ್ಟಿನ ಕೋಳಿಯನ್ನು. ಆ ಸಂಕಲ್ಪಹಿಂಸೆಗೇ ಅವನೂ ಅವನ ತಾಯಿಯೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ತೊಳಲುತ್ತಾರೆ. ಕಠೋರ ಲೆಕ್ಕವೇ. ಆದರೆ ಕತ್ತಿ ಎತ್ತಿದ ಕೈ ಯಶೋಧರನದು. ಹಿಂದೆ ಸರಿಯಲು ಅವನಿಗೊಂದು ಗಳಿಗೆ ಇತ್ತು. ಆಲ್ಪ್ಸ್‌ನ ಮುದುಕಿಗೆ ಆ ಗಳಿಗೆ ಇನ್ನೂ ಬಂದೇ ಇಲ್ಲ.

ಇದು ಬರೀ ಕಾಮಿಕ್ಸ್ ಕಲ್ಪನೆ ಎನ್ನುವಂತೆಯೂ ಇಲ್ಲ. ಕರ್ನಾಟಕದ 1985ರ ಗೂಂಡಾ ಕಾಯ್ದೆಯಡಿ, ಮುಂದೆ ಶಾಂತಿ ಕದಡಬಹುದೆಂದು ಒಬ್ಬನನ್ನು 12 ತಿಂಗಳವರೆಗೆ ಒಳಗಿಡಬಹುದು. ಸಂವಿಧಾನದ 22ನೇ ವಿಧಿಯೇ ಮುಂಜಾಗ್ರತಾ ಬಂಧನಕ್ಕೆ ಎಡೆ ಕೊಟ್ಟಿದೆ. ಚುನಾವಣೆ ಬಂತೆಂದರೆ ಬೆಂಗಳೂರಿನಲ್ಲಿ ರೌಡಿ ಶೀಟರ್‌ಗಳ ಪರೇಡ್. ಪೊಲೀಸರು ಹಳೆಯ ಕೇಸುಗಳನ್ನಾದರೂ ತೋರಿಸಬೇಕು, ಸಲಹಾ ಮಂಡಳಿ ಅದನ್ನು ನೋಡಬೇಕು. ಹ್ಯಾರೋ ಬಳಿ ಕೇಸೂ ಇಲ್ಲ, ಮೇಲ್ಮನವಿಯೂ ಇಲ್ಲ. ಮಠದ ಸ್ವಾಮಿಗಳಂಥ ತಣ್ಣನೆ ದನಿಯೊಂದಿದೆ. ಜನ ಅದಕ್ಕೇ ಕೈ ಒಡ್ಡುತ್ತಾರೆ.

ಸ್ಟೀವನ್‌ನ ಕೈ ಹಿಡಿದಾಗ ಮಾತ್ರ ಹಚ್ಚೆಯ ತಕ್ಕಡಿ ಅತ್ತಿತ್ತ ಆಡುತ್ತಲೇ ಇರುತ್ತದೆ, ಯಾವ ಕಡೆಗೂ ನಿಲ್ಲುವುದಿಲ್ಲ. ತಳ್ಳುಗಾಡಿಗಳ ಮುಂದೆ ನಿಂತು ಐವತ್ತು ವರ್ಷ ತರಕಾರಿ ತೂಗಿಸಿಕೊಂಡಿರುವ ಅಜ್ಜಿ ಸೊಪ್ಪಿನ ಮೊರ ಪಕ್ಕಕ್ಕಿಟ್ಟರು.

‘ಮೊದ್ಲು ಬರೀ ತಕ್ಕಡಿ ಎತ್ತಿ ತೋರ್ಸು ಅನ್ನೋ ಅವನಿಗೆ.’