ಕೊಡದ ಹಾಡನ್ನು ಹಂಚಬಹುದೇ?





ಏಪ್ರಿಲ್ 14 ಹತ್ತಿರ ಬಂತೆಂದರೆ ನಮ್ಮ ಗ್ರೂಪುಗಳಲ್ಲಿ ಭೀಮಗೀತೆಗಳ ಸುರಿಮಳೆ. ಇಡೀ ಆಲ್ಬಮ್ಮಿನ ಫೈಲುಗಳು ಒಂದು ಫೋನಿನಿಂದ ನೂರು ಫೋನಿಗೆ ಹೋಗುತ್ತವೆ. ಕಳಿಸುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಬಾಬಾಸಾಹೇಬರ ವಿಚಾರ ಹರಡಲಿ ಎಂಬುದೇ ಅವರ ಆಸೆ. ಆದರೂ ಎರಡನೆಯ ಶೀಲವನ್ನು ಎದುರಿಗಿಟ್ಟು ನೋಡೋಣ.

'ಅದಿನ್ನಾದಾನಾ ವೇರಮಣಿ' ಎಂಬುದನ್ನು ನಾವು 'ಕಳ್ಳತನ ಮಾಡಬಾರದು' ಎಂದು ಚುಟುಕಾಗಿ ಹೇಳಿಬಿಡುತ್ತೇವೆ. ಪಾಲಿ ಪದದ ಅರ್ಥ ಅದಕ್ಕಿಂತ ವಿಶಾಲ: ಕೊಡದೇ ಇರುವುದನ್ನು ತೆಗೆದುಕೊಳ್ಳದಿರುವುದು. ನಕಲು ಮಾಡಿದರೆ ಮೂಲ ಹಾಡು ಎಲ್ಲಿಗೂ ಹೋಗುವುದಿಲ್ಲ, ಹಾಗಾಗಿ ಅದು ಕಳ್ಳತನವಲ್ಲ ಎಂದು ವಾದಿಸಬಹುದು. ಆದರೆ ಶೀಲ ಕೇಳುವ ಪ್ರಶ್ನೆಯೇ ಬೇರೆ: ಅವರು ಕೊಟ್ಟಿದ್ದಾರೆಯೇ?

ಚಳವಳಿಯ ಹಾಡುಗಳು ಹುಟ್ಟಿದ್ದೇ ಬಾಯಿಂದ ಬಾಯಿಗೆ ಹೋಗಲೆಂದು. ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದ ಮೇಲೆ ಅವರ ಹಾಡುಗಳು ಮೆರವಣಿಗೆ, ಸಭೆಗಳಲ್ಲಿ ಜನರ ದನಿಯಾದವು. 1957ರ ಕೃತಿಸ್ವಾಮ್ಯ ಕಾಯ್ದೆಯೂ ಎಲ್ಲಕ್ಕೂ ಬೇಲಿ ಹಾಕಿಲ್ಲ. ನಿಜವಾದ ಧಾರ್ಮಿಕ ಸಮಾರಂಭದಲ್ಲಿ ಹಾಡುವುದು, ನುಡಿಸುವುದು ಅದರ 52ನೇ ಕಲಂ ಪ್ರಕಾರ ಉಲ್ಲಂಘನೆಯಲ್ಲ. ಬಾಬಾಸಾಹೇಬರು ಬದುಕಿದ್ದಾಗ ಪ್ರಕಟಿಸಿದ ಕೃತಿಗಳು, ಅವರ ಪರಿನಿಬ್ಬಾಣದ 60 ವರ್ಷಗಳ ನಂತರ, 2017ರಿಂದ ಎಲ್ಲರ ಸ್ವತ್ತು.

ಆದರೆ ಇಂದಿನ ಕಲಾವಿದರೊಬ್ಬರು ಸ್ಟುಡಿಯೋ ಬಾಡಿಗೆ ಕಟ್ಟಿ, ವಾದ್ಯದವರಿಗೆ ಕೂಲಿ ಕೊಟ್ಟು, ಮಾರಲೆಂದು ಮಾಡಿದ ಆಲ್ಬಮ್ ಹಾಗಲ್ಲ. ಅದನ್ನು ಅವರು ನಮಗೆ ಸುಮ್ಮನೆ ಕೊಟ್ಟಿಲ್ಲ.

ಧಮ್ಮದಾನ ಎಲ್ಲ ದಾನಕ್ಕಿಂತ ದೊಡ್ಡದಲ್ಲವೇ ಎನ್ನಬಹುದು. ಹೌದು, ದೊಡ್ಡದು. ಆದರೆ ಪಕ್ಕದ ಮನೆಯ ರಾಗಿ ತಂದು ಹಂಚಿದರೆ ಅದನ್ನು ದಾನ ಎನ್ನುತ್ತೇವೆಯೇ?

ಈ ಮಾತು ನಮಗೆ ಉಳಿದವರಿಗಿಂತ ಹೆಚ್ಚು ನಾಟಬೇಕು. ನಮ್ಮ ಹಿರಿಯರ ತಮಟೆಯಿಲ್ಲದೆ ಊರಹಬ್ಬ ನಡೆಯುತ್ತಿರಲಿಲ್ಲ. ಕೂಲಿ ಕೇಳಿದರೆ, ಇದು ನಿಮ್ಮ ಹುಟ್ಟಿನ ಕೆಲಸ ಎನ್ನುತ್ತಿದ್ದರು. 1928ರಲ್ಲಿ ಬಾಬಾಸಾಹೇಬರು ಬಾಂಬೆ ವಿಧಾನ ಪರಿಷತ್ತಿನಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದದ್ದು ಇಂಥ ಹುಟ್ಟಿನ ಚಾಕರಿಯಿಂದ ಜನರನ್ನು ಬಿಡಿಸಲೆಂದೇ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿದೆ. ಈಗ ನಮ್ಮ ಹಾಡುಗಾರರಿಗೆ ನಾವೇ 'ಸಮಾಜಕ್ಕಾಗಿ ತಾನೇ' ಎಂದು ಹೇಳಿ ಅವರ ದುಡಿಮೆಯನ್ನು ಬಿಟ್ಟಿ ಪಡೆದರೆ, ಅಂದಿನ ಊರ ಯಜಮಾನರ ಮಾತನ್ನೇ ಆಡಿದಂತಲ್ಲವೇ?

ಹಕ್ಕೆಲ್ಲ ಕಂಪನಿಯದು, ಹಾಡಿದವರಿಗೆ ಸಿಗುವುದೇನು ಎಂದು ಕೇಳುವವರಿದ್ದಾರೆ. ಎಷ್ಟೋ ಕಡೆ ಅದು ನಿಜವೇ. ಆದರೆ ನಾವು ಮಾಡುವ ನಕಲಿನಿಂದಲೂ ಅವರ ಕೈಗೆ ಒಂದು ರೂಪಾಯಿ ಸೇರುವುದಿಲ್ಲ.

ಹಾಗಾದರೆ ಹಣವಿಲ್ಲದ ಬಂಧು ಹಾಡು ಕೇಳಬಾರದೇ? ಖಂಡಿತ ಕೇಳಬೇಕು. ಕಲಾವಿದರೇ ಯೂಟ್ಯೂಬಿಗೆ ಹಾಕಿದ್ದರೆ ಆ ಲಿಂಕ್ ಕಳಿಸೋಣ. ಅದು ಅವರೇ ಕೊಟ್ಟದ್ದು. ಇಲ್ಲವಾದರೆ ಫೋನ್ ಮಾಡಿ ಕೇಳೋಣ. ಬರೆದವರ, ಹಾಡಿದವರ ಹೆಸರನ್ನು ಅಳಿಸದೆ ಕಳಿಸೋಣ. ಹೆಸರನ್ನು ಕಿತ್ತುಕೊಳ್ಳುವುದೂ ಅದಿನ್ನಾದಾನವೇ. ಜಯಂತಿಯ ಚಂದಾದಲ್ಲಿ ಶಾಮಿಯಾನ, ಡಿಜೆಗಿಂತ ಮೊದಲು ಹಾಡುಗಾರರ ಸಂಭಾವನೆ ಎತ್ತಿಡೋಣ.

ಇಂದಿನ ಅಭ್ಯಾಸ: ಯಾವುದೇ ಹಾಡನ್ನು ಮುಂದಕ್ಕೆ ಕಳಿಸುವ ಮೊದಲು ಒಂದು ಗಳಿಗೆ ನಿಂತು ಕೇಳಿಕೊಳ್ಳೋಣ. ಇದು ಅವರು ಕೊಟ್ಟದ್ದೇ, ನಾವು ತೆಗೆದುಕೊಂಡದ್ದೇ?

ಭವತು ಸಬ್ಬ ಮಂಗಲಂ. ಜೈ ಭೀಮ್.