ಮೊಹರು ಮತ್ತು ಸತ್ಯ

ಔರಾದ್ ತಾಲೂಕಿನ ಚಿಂತಾಕಿಯ ಹಿರಿಯರೊಬ್ಬರು ನಮ್ಮ ಮುಂದೆ ಎರಡು ಕಾಗದಗಳನ್ನು ಬಿಡಿಸಿಟ್ಟರು. ಒಂದು ನಿಜಾಮರ ಕಾಲದ ಉರ್ದು ದಾಖಲೆ. ಅದರ ಮೊಹರು ಮಸುಕಾಗಿತ್ತು. ಇನ್ನೊಂದು ಡಿಜಿಟಲ್ ಸಹಿಯುಳ್ಳ ಕಂಪ್ಯೂಟರ್ ಪಹಣಿ. ಎರಡರಲ್ಲೂ ಅವರ ತಂದೆಯ ಹೆಸರಿತ್ತು, ಆದರೆ ಬೇರೆ ಬೇರೆಯಾಗಿ. "ಇದರಾಗ ಯಾವ ಮೊಹರು ಖರೇ ಅದ ಬೇಟಾ?" ಎಂದು ಕೇಳಿದರು.

ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಓದು ಬಾರದವರ ಕೈಯಲ್ಲಿ 'ಮುನವ್ವರ್' ಸುಲಭವಾಗಿ 'ಮನೂರ' ಆಗುತ್ತಾನೆ. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಉರ್ದು ಹೆಸರುಗಳು ಕನ್ನಡಕ್ಕೆ ಬಂದವು. ಮುಂದೆ 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಹಳೆಯ ತಪ್ಪುಗಳೂ ಜೊತೆಗೇ ಸೇರಿದವು.

ಹೊಸ ಮೊಹರನ್ನು ನಾವು ಹಳಿಯುತ್ತಿಲ್ಲ. ಕೈಬರಹದ ಪಹಣಿಯನ್ನು ರಾತ್ರೋರಾತ್ರಿ ತಿದ್ದಬಹುದಿತ್ತು. ಬಡವನ ಹೊಲ ಉಳ್ಳವನ ಹೆಸರಿಗೆ ಹೋಗಬಹುದಿತ್ತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿತು. ಸಹಿ ಬಿದ್ದ ಮೇಲೆ ಒಂದು ಅಕ್ಷರ ಬದಲಾದರೂ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಇದು ದೊಡ್ಡ ರಕ್ಷಣೆಯೇ. ಆದರೆ ಆ ಸಹಿ ಹೇಳುವುದು ಎರಡೇ ಮಾತು: ಇದನ್ನು ಕೊಟ್ಟವರು ಇಂಥವರು, ಕೊಟ್ಟ ಮೇಲೆ ಇದು ಬದಲಾಗಿಲ್ಲ. ಬರೆದದ್ದು ನಿಜವೇ ಎಂಬುದನ್ನು ಅದು ಹೇಳಲಾರದು. ತಪ್ಪಿಗೆ ಮೊಹರು ಬಿದ್ದರೆ ತಪ್ಪೇ ಭದ್ರವಾಗುತ್ತದೆ.

ಮುದ್ರೆಯಿಲ್ಲದ ಪತ್ರವನ್ನು ದೊರೆಗಳು ಓದುವುದಿಲ್ಲವೆಂದು ತಿಳಿದಾಗ ಪ್ರವಾದಿ(ಸ) ಬೆಳ್ಳಿಯ ಮುದ್ರೆಯುಂಗುರ ಮಾಡಿಸಿದರು. ಅವರ ಬಳಿಕ ಖಲೀಫರ ಕೈ ಸೇರಿದ ಆ ಉಂಗುರ, ಹಝ್ರತ್ ಉಸ್ಮಾನ್(ರ)ರ ಕಾಲದಲ್ಲಿ ಮದೀನಾದ ಅರೀಸ್ ಬಾವಿಗೆ ಬಿತ್ತು. ಮೂರು ದಿನ ಹುಡುಕಿದರೂ ಸಿಗಲಿಲ್ಲ. ಉಂಗುರ ಹೋಯಿತು, ಪತ್ರದಲ್ಲಿದ್ದ ಸಂದೇಶ ಹೋಗಲಿಲ್ಲ. ಸಾಲವನ್ನು ಬರೆದಿಡಿ ಎನ್ನುವ ಪವಿತ್ರ ಕುರ್‌ಆನ್ ಕೂಡ, ಬರೆಯುವವನು ನ್ಯಾಯವಾಗಿ ಬರೆಯಲಿ, ಸಾಕ್ಷಿಗಳಿರಲಿ ಎನ್ನುತ್ತದೆ. ಬರಹದ ಬೆನ್ನಿಗೆ ಮನುಷ್ಯರು ನಿಲ್ಲಬೇಕು ಎಂದೇ ಇದರ ಅರ್ಥ.

ಹಿಂದೆ ತಪ್ಪು ಮಾಡಿದ ಪಟವಾರಿಯನ್ನು ಊರಕಟ್ಟೆಯಲ್ಲಿ ನಿಲ್ಲಿಸಿ ಕೇಳಬಹುದಿತ್ತು. ಇಂದು "ಕಂಪ್ಯೂಟರಿನಲ್ಲಿ ಹೀಗೇ ಇದೆ" ಎಂಬುದೇ ಉತ್ತರವಾದರೆ, ಹೊಣೆ ಯಾರದು? ಮೊಹರು ಹಾಕುವ ಅಧಿಕಾರವೂ ಒಂದು ಅಮಾನತ್ತು. ಎದುರು ನಿಂತವನ ಮಾತು ಕೇಳುವುದೂ ಆ ಅಮಾನತ್ತಿನೊಳಗೇ ಬರುತ್ತದೆ.

"ಎರಡೂ ಮೊಹರು ಖರೇನೇ ಚಾಚಾ, ಹೆಸರೇ ತಪ್ಪಾಗಿದೆ" ಎಂದೆವು. ತಿದ್ದುಪಡಿಯ ಅರ್ಜಿಯನ್ನು ಕನ್ನಡದಲ್ಲಿ ಬರೆದುಕೊಟ್ಟೆವು. ಅವರು ಕೆಳಗೆ ಉರ್ದುವಿನಲ್ಲಿ ನಿಧಾನವಾಗಿ ಸಹಿ ಮಾಡಿದರು.